ಬಲಗಿವಿಯ ಖಾಲಿ ಜಾಗ

ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಪವರ್‌ಲೂಮ್ ಶೆಡ್ಡಿನ ಮಾಳಿಗೆಯ ಮೇಲೆ ನನ್ನ ರೆಕಾರ್ಡಿಂಗ್ ಕೋಣೆ ಇದೆ. ಕೆಳಗೆ ಟವೆಲ್ ನೇಯುವ ಮಗ್ಗಗಳು ವಾರಕ್ಕೆ ಆರು ದಿನ ಓಡುತ್ತವೆ. ಗೋಡೆಗೆ ಎಷ್ಟು ಫೋಮ್ ಬಡಿದರೂ ಅವುಗಳ ಖಟಖಟ ನೆಲದಿಂದ ಮೇಲೇರಿ ಮೈಕಿನ ಸ್ಟ್ಯಾಂಡಿಗೆ ಹತ್ತುತ್ತದೆ. ಹಾಗಾಗಿ ಹಾಡು ಹಿಡಿಯುವ ಕೆಲಸವೇನಿದ್ದರೂ ಮಗ್ಗದ ರಜೆಯ ದಿನ. ಉಳಿದ ದಿನಗಳಲ್ಲಿ ನಾನು ರಿಕ್ಷಾದ ಅನೌನ್ಸ್‌ಮೆಂಟ್ ಮಾಡಿ ಕೊಡುತ್ತೇನೆ: ಸೀರೆಯ ಸೇಲು, ಹೊಸ ಕ್ಲಾಸಿನ ಉದ್ಘಾಟನೆ, ನೀರು ಬರದ ಸೂಚನೆ, ಒಮ್ಮೆ ಮರಾಠಿಯಲ್ಲಿ, ಒಮ್ಮೆ ಕನ್ನಡದಲ್ಲಿ, ಕೇಳಿದರೆ ತೆಲುಗಿನಲ್ಲಿ. ಆ ಗಿರಾಕಿಗಳದು ಒಂದೇ ತಕರಾರು. ನಡುವೆ ಖಾಲಿ ಬಿಡಬಾರದು. ರಿಕ್ಷಾ ಒಂದು ಓಣಿ ದಾಟುವಾಗ ದನಿ ಸುಮ್ಮನಿದ್ದರೆ ಆ ಓಣಿಗೆ ಸುದ್ದಿಯೇ ಮುಟ್ಟುವುದಿಲ್ಲ. ಹೀಗೆ ವರ್ಷಗಟ್ಟಲೆ ಮಾಡಿ ನನ್ನ ಕೈಗೆ ಒಂದು ಚಟ ಹತ್ತಿತ್ತು. ಪರದೆಯ ಮೇಲೆ ದನಿಯ ಗೆರೆ ಚಪ್ಪಟೆಯಾದ ಕಡೆ ಬೆರಳು ತಾನೇ ಕತ್ತರಿಗೆ ಹೋಗುತ್ತಿತ್ತು.

ಆ ಚಟದಿಂದ ಆದ ಒಂದು ಕೆಲಸದ ಕಥೆ ಇದು.

ಒಂದು ಮಧ್ಯಾಹ್ನ ಮೂವತ್ತರ ಒಳಗಿನ ಒಬ್ಬ ಹೆಣ್ಣುಮಗಳು ಮೆಟ್ಟಿಲು ಹತ್ತಿ ಬಂದಳು. ಚಿಂಚೋಳಿ ಎಂಐಡಿಸಿಯ ಗೋದಾಮಿನಲ್ಲಿ ಡಿಸ್ಪ್ಯಾಚ್ ನೋಡಿಕೊಳ್ಳುವವಳು. ಊರು ಅಕ್ಕಲಕೋಟ ತಾಲೂಕಿನ ಕರಜಗಿ, ಸದ್ಯ ಸೊಲ್ಲಾಪುರದಲ್ಲಿ ಬಾಡಿಗೆ ಕೋಣೆ. ಆಕೆಯ ತಾಯಿಯ ಕುತ್ತಿಗೆಯಲ್ಲಿ ಗಂಟು ಬೆಳೆದಿತ್ತು, ಎಂಟು ದಿನಕ್ಕೆ ಆಪರೇಶನ್. ಗಂಟಿನ ಮಗ್ಗುಲಲ್ಲೇ ದನಿಯ ನರ ಹಾಯುತ್ತದೆ, ದನಿ ಇದ್ದ ಹಾಗೇ ಉಳಿಯುತ್ತದೆ ಎಂದು ಹೇಳಲಾರೆ ಎಂದಿದ್ದರಂತೆ ಡಾಕ್ಟರು. ಎರಡು ತಿಂಗಳಿಗೆ ಇವಳ ಮದುವೆ. ಮದುವೆಗೆ ಮುಂಚೆ ಅರಿಷಿಣ ಬೀಸುವ ಶಾಸ್ತ್ರದಲ್ಲಿ ಊರಿನವರೆಲ್ಲರ ಮನೆಯಲ್ಲೂ ಬೀಸುಕಲ್ಲಿಗೆ ಕೂತು ಹಾಡಿದ್ದು ಇವಳ ತಾಯಿ. ಮಗಳ ಅರಿಷಿಣಕ್ಕೆ ತಾಯಿಯ ದನಿ ಇಲ್ಲವಾದರೆ ಹೇಗೆ ಎನ್ನುವುದು ಅವಳ ಚಿಂತೆ.

"ಲಗ್ನಕ್ಕ ಅವ್ವ ಇರ್ತಾಳ್ರಿ. ಆಕಿ ಆವಾಜ ಇರ್ತದೋ ಇಲ್ಲೋ ಖಾತ್ರಿ ಇಲ್ಲ. ಈಗ ಇದ್ದಂಗ ಹಿಡದು ಕೊಡ್ರಿ," ಅಂದಳು.

ಐದು ಹಾಡು. ಪಕ್ಕವಾದ್ಯ ಇಲ್ಲ, ಒಂದೇ ದನಿ. ಸುಲಭದ ಕೆಲಸ ಎಂದುಕೊಂಡೆ.

ಮಗ್ಗದ ರಜೆಯ ದಿನ ತಾಯಿ ಮಗಳು ಬೆಳಿಗ್ಗೆಯೇ ಬಂದರು. ತಾಯಿಗೆ ಐವತ್ತರ ಮೇಲೆ ವಯಸ್ಸು. ನಾನು ಅಕ್ಕಾರ ಎಂದೆ, ಅವರು ನನ್ನನ್ನು ತಮ್ಮಾ ಎಂದರು. ಕುರ್ಚಿ ಕೊಟ್ಟರೆ ಬೇಡವೆಂದು ನೆಲಕ್ಕೆ ಕೂತು ಒಂದು ಕಾಲು ಚಾಚಿ, ಒಂದು ಕಾಲು ಮಡಿಚಿದರು. ಮೈಕನ್ನು ಕೆಳಗಿಳಿಸಿದೆ. ಹಾಡು ಶುರುವಾಗುತ್ತಲೇ ಬಲಗೈ ತಾನೇ ನೆಲದ ಮೇಲೆ ಗುಂಡಗೆ ತಿರುಗತೊಡಗಿತು, ಅದರ ಜೊತೆ ಬಳೆಗಳೂ. ಬಳೆ ತೆಗೆದಿಡಿರಿ ಎಂದು ಬಾಯಿ ತಪ್ಪಿ ಅಂದುಬಿಟ್ಟೆ. ಮಗಳು ನನ್ನನ್ನು ದುರುಗುಟ್ಟಿ ನೋಡಿದಳು. ಮುತ್ತೈದೆಗೆ ಆಡುವ ಮಾತೇ ಅದು? ಕೊನೆಗೆ ಕೆಳಗಿನ ಶೆಡ್ಡಿನಿಂದ ಒಂದು ಟವೆಲ್ ತರಿಸಿ ಬಳೆಗಳ ಮೇಲೆ ಸುತ್ತಿದೆವು.

ಹೆಡ್‌ಫೋನಿನಲ್ಲಿ ತನ್ನ ದನಿ ಒಣಒಣ ಕೇಳುತ್ತದೆ ಎಂದರು ಅಕ್ಕ. ಎರಡು ವರ್ಷದಿಂದ ತಾನು ಒಬ್ಬಳೇ ಹಾಡುತ್ತಿದ್ದೇನೆ, ಮೈಕ್‌ಸೆಟ್ಟಿನವ ಎಕೋ ಹಾಕಿ ಕೊಡುತ್ತಾನೆ, ಅದರ ಮೇಲೆ ಹೇಗೋ ಸಾಗುತ್ತದೆ ಎಂದೂ ಹೇಳಿದರು. ಅದಕ್ಕೆ ಮುಂಚೆ ಯಾರ ಜೊತೆ ಹಾಡುತ್ತಿದ್ದಿರಿ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಹೆಡ್‌ಫೋನಿಗಷ್ಟೇ ಒಂದಿಷ್ಟು ಎಕೋ ಬಿಟ್ಟು, ದನಿಯನ್ನು ಮಾತ್ರ ಶುದ್ಧವಾಗಿ ಹಿಡಿದುಕೊಂಡೆ. ಕುತ್ತಿಗೆಯ ಗಂಟು ಹೊರಗೆ ಕಾಣುವಷ್ಟಿತ್ತು. ದನಿಯಲ್ಲಿ ಅದರ ಸುಳಿವೇ ಇರಲಿಲ್ಲ. ಎದೆಯಿಂದ ನೇರ ಬಂದು ಕೋಣೆಯ ಆಚೆ ಗೋಡೆಗೆ ತಾಗುವ ದನಿ ಅದು. ಆದರೆ ಪ್ರತಿ ಸಾಲಿನ ಕೊನೆಗೆ ನಾಲ್ಕು, ಐದು, ಕೆಲವೊಮ್ಮೆ ಏಳೆಂಟು ಸೆಕೆಂಡು ಸುಮ್ಮನೆ ಕೂಡುತ್ತಿದ್ದರು. ಕೈ ಮಾತ್ರ ತಿರುಗುತ್ತಿತ್ತು. ಪಾಪ, ಗಂಟಿನಿಂದಾಗಿ ದಮ್ಮು ಹತ್ತುತ್ತಿರಬೇಕು ಎಂದು ನಾನೇ ಅರ್ಥ ಮಾಡಿಕೊಂಡೆ. ಸಂಜೆಯೊಳಗೆ ಐದೂ ಹಾಡು ಮುಗಿದವು.

ಮರುದಿನ ಎಡಿಟಿಂಗಿಗೆ ಕೂತೆ. ಒಂದೊಂದು ಹಾಡಿನಲ್ಲೂ ಮೂವತ್ತರ ಆಸುಪಾಸು ಖಾಲಿ ಜಾಗಗಳಿದ್ದವು. ಒಂದೊಂದನ್ನೇ ಕತ್ತರಿಸಿ, ಸಾಲಿಗೆ ಸಾಲು ಜೋಡಿಸಿ, ತಾಳದ ಗೆರೆಗೆ ಕೂರಿಸಿದೆ. ಆರು ನಿಮಿಷದ ಹಾಡು ಮೂರೂವರೆಗೆ ಬಂತು. ಡಿಸ್ಕು ತುಂಬಿ ನಿಧಾನವಾಗಿತ್ತು. ಹಾಡುಗಳನ್ನು ಹೊಸ ಫೈಲಾಗಿ ಕಟ್ಟಿ, ಬಳಸದ ಆಡಿಯೋ ಅಳಿಸುವ ಆಜ್ಞೆ ಕೊಟ್ಟೆ. ಇದನ್ನು ಹಿಂದಕ್ಕೆ ಪಡೆಯಲಾಗದು, ಖಚಿತವೇ ಎಂದು ಸಾಫ್ಟ್‌ವೇರ್ ಕೇಳಿತು. ದಿನಕ್ಕೆ ಹತ್ತು ಸಲ ಕೇಳುವ ಪ್ರಶ್ನೆ. ಹೌದು ಎಂದು ಒತ್ತಿದೆ.

ಒಂಟಿ ದನಿ ಬೋಳಾಗಿ ಕೇಳುತ್ತಿತ್ತು. ಅಲಂಕಾರಕ್ಕೆಂದು ಸ್ಟೀರಿಯೋ ಡಿಲೇ ಪ್ಲಗಿನ್ ಹಚ್ಚಿದೆ. ತಿಳಿಯದವರಿಗೆ ಹೇಳುವುದಾದರೆ, ಡಿಲೇ ಎಂದರೆ ಕೇಳಿದ ದನಿಯನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು ಮತ್ತೆ ನುಡಿಯುವ ಉಪಾಯ. ಸ್ಟೀರಿಯೋದಲ್ಲಿ ಎಡಗಿವಿಗೊಂದು ಹೊತ್ತು, ಬಲಗಿವಿಗೊಂದು ಹೊತ್ತು ಬೇರೆಬೇರೆಯಾಗಿ ಇಡಬಹುದು. ಎಷ್ಟು ಸಲ ಮರುನುಡಿಯಬೇಕು ಎನ್ನುವುದಕ್ಕೆ ಫೀಡ್‌ಬ್ಯಾಕ್ ಎಂಬ ಗುಂಡಿ, ಮೂಲದ ಜೊತೆ ಎಷ್ಟು ಬೆರೆಯಬೇಕು ಎನ್ನುವುದಕ್ಕೆ ಮಿಕ್ಸ್ ಎಂಬ ಗುಂಡಿ. ನಾನು ಎರಡನ್ನೂ ತಾಳಕ್ಕೆ ಕಟ್ಟಿ, ಎಡಕ್ಕೆ ಅರ್ಧ ಮಾತ್ರೆ, ಬಲಕ್ಕೆ ಮುಕ್ಕಾಲು ಮಾತ್ರೆ ಇಟ್ಟು, ಫೀಡ್‌ಬ್ಯಾಕನ್ನು ಮೂವತ್ತೈದಕ್ಕೆ ಏರಿಸಿದೆ. ದನಿ ಈ ಕಿವಿಯಿಂದ ಆ ಕಿವಿಗೆ ಚೆಂಡಿನ ಹಾಗೆ ಪುಟಿಯಿತು. ಬಹಳ ಹುರುಪಿನಿಂದ ಮಗಳ ಫೋನಿಗೆ ಕಳಿಸಿದೆ.

ಆಪರೇಶನ್ನಿನ ಹಿಂದಿನ ದಿನ ಆಸ್ಪತ್ರೆಯಿಂದ ಮಗಳ ಫೋನು ಬಂತು. ಹಾಡು ಛಲೋ ಆಗಿವೆ, ಆದರೆ ಅವ್ವ ಏನೋ ಹೇಳುತ್ತಾಳೆ ಎಂದು ಫೋನನ್ನು ತಾಯಿಯ ಕೈಗೆ ಕೊಟ್ಟಳು.

"ತಮ್ಮಾ, ಇದು ನಡುವ ಬಾಯಿ ಹಾಕ್ತದ," ಅಂದರು ಅಕ್ಕ. "ನಾ ಸಾಲ ಮುಗಿಸೂದ್ರಾಗ ತಾ ಸುರು ಮಾಡ್ತದ."

ಅದು ಡಿಲೇ, ಕಡಿಮೆ ಮಾಡುತ್ತೇನೆ ಎಂದೆ.

"ಅದು ಇರ್ಲಿ. ಆಕಿ ಜಾಗಾ ಎಲ್ಲಿ ಹೋತು?"

ಯಾರ ಜಾಗ ಎಂದು ಕೇಳಿದೆ. ಎದುರಿಗೆ ಕೂಡುವವಳ ಜಾಗ ಎಂದರು. ಬೀಸುಕಲ್ಲಿಗೆ ಇಬ್ಬರು ಕೂಡುತ್ತಾರೆ, ಒಂದೇ ಗೂಟಕ್ಕೆ ಇಬ್ಬರೂ ಕೈ ಹಚ್ಚುತ್ತಾರೆ. ಒಬ್ಬಳು ಸಾಲು ಹಾಡಿ ಬಿಟ್ಟರೆ ಎದುರಿನವಳು ಸಾಲಿನ ಬಾಲವನ್ನು ಎತ್ತಿಕೊಂಡು ಹಾಡುತ್ತಾಳೆ. ಆ ಹೊತ್ತಿನಲ್ಲಿ ಮೊದಲಿನವಳು ದಮ್ಮು ತೆಗೆದುಕೊಂಡು ಕಲ್ಲಿನ ಬಾಯಿಗೆ ಒಂದು ಮುಕ್ಕು ಕಾಳು ಹಾಕುತ್ತಾಳೆ. ಎರಡು ವರ್ಷದಿಂದ ಎದುರಿಗೆ ಯಾರೂ ಕೂಡದಿದ್ದರೂ ತಾನು ಆ ಜಾಗ ಬಿಟ್ಟೇ ಹಾಡುತ್ತೇನೆ ಎಂದರು. ಇಷ್ಟು ಹೇಳುವಷ್ಟರಲ್ಲಿ ಯಾರೋ ಬಂದು ರಕ್ತ ತಪಾಸಣೆಗೆ ಕರೆದರು, ಫೋನು ನಿಂತಿತು.

ಅವರು ಬಿಟ್ಟ ಜಾಗಗಳೆಲ್ಲ ಹೋಗಿದ್ದವು, ನಾನೇ ಅಳಿಸಿದ್ದೆ. ಅಳಿಸಿದ ಫೈಲು ಮರಳಿ ತರುವ ಪ್ರೋಗ್ರಾಮು ಹಾಕಿ ನೋಡಿದೆ. ಅದರ ಮೇಲೆ ಆಗಲೇ ಮೂರು ರಿಕ್ಷಾ ಅನೌನ್ಸ್‌ಮೆಂಟ್ ಬರೆದು ಕೂತಿದ್ದವು. ಹಾಡಿನ ಬದಲು ಚಾದರದ ಸೇಲಿನ ಚೂರುಗಳು ಸಿಕ್ಕವು. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡೆ. ಮರುದಿನ ಆಪರೇಶನ್ ಆಯಿತು. ಗಂಟು ಹೋಯಿತು, ಜೀವಕ್ಕೆ ಭಯವಿಲ್ಲ, ಆದರೆ ದನಿಯ ನರಕ್ಕೆ ಪೆಟ್ಟಾಗಿದೆ, ಮೂರು ವಾರ ಮಾತೇ ಆಡಬಾರದು, ಆಮೇಲೆ ಎಷ್ಟು ಮರಳುತ್ತದೋ ನೋಡಬೇಕು ಎಂದು ಮಗಳು ತಿಳಿಸಿದಳು. ಇನ್ನೊಮ್ಮೆ ಹಾಡಿಸುವ ದಾರಿ ಮುಚ್ಚಿತು. ಆಕೆಗೆ ನಾನು ಮಾಡಿದ್ದನ್ನು ಮುಚ್ಚಿಡದೆ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಸಾಲುಗಳು ಇದ್ದವು, ಜಾಗಗಳು ಇರಲಿಲ್ಲ. ಹಾಗಾದರೆ ಜಾಗ ಮಾಡಿಕೊಟ್ಟರಾಯಿತು ಎಂದು ಲೆಕ್ಕ ಹಾಕಿದೆ. ತಾಳದ ಗೆರೆ ಕಿತ್ತು, ಎಲ್ಲ ಸಾಲುಗಳ ನಡುವೆ ಐದೈದು ಸೆಕೆಂಡು ಖಾಲಿ ಇಟ್ಟೆ. ಡಿಲೇ ಈಗ ಆ ಖಾಲಿಯಲ್ಲಿ ನುಡಿಯುತ್ತಿತ್ತು. ಅಕ್ಕ ಆಸ್ಪತ್ರೆಯಿಂದ ಮಗಳ ಕೋಣೆಗೆ ಬಂದ ಮೇಲೆ ಲ್ಯಾಪ್‌ಟಾಪ್ ತೆಗೆದುಕೊಂಡು ಹೋದೆ. ಕುತ್ತಿಗೆಗೆ ಬಿಳಿ ಪಟ್ಟಿ, ದಿಂಬಿಗೆ ಒರಗಿ ಕೂತಿದ್ದರು. ಹೆಡ್‌ಫೋನ್ ಹಾಕಿ ಮೊದಲ ಹಾಡು ಬಿಟ್ಟೆ. ಅವರ ಕೈ ಹಾಸಿಗೆಯ ಮೇಲೆ ತಿರುಗತೊಡಗಿತು. ಮೊದಲ ಜಾಗದಲ್ಲಿ ಸರಿಯಾಗಿ ತಿರುಗಿತು. ಎರಡನೆಯದರಲ್ಲಿ ಕೈ ಇನ್ನೂ ತಿರುಗುತ್ತಿದ್ದಾಗಲೇ ಮುಂದಿನ ಸಾಲು ಬಂದುಬಿಟ್ಟಿತು. ಮೂರನೆಯದರಲ್ಲಿ ಕೈ ನಿಂತು ಕಾಯಬೇಕಾಯಿತು. ಅವರು ತಲೆಯಾಡಿಸಿ ಹೆಡ್‌ಫೋನ್ ತೆಗೆದರು.

ಎಷ್ಟೆಷ್ಟು ಬೇಕು ಎಂದು ಕೇಳಿದರೆ ಮಾತಾಡುವ ಹಾಗಿಲ್ಲ. ಬರೆದು ತೋರಿಸಲೆಂದು ಮಗಳು ಒಂದು ವಹಿ ಇಟ್ಟಿದ್ದಳು. ಆದರೆ ತಾಯಿ ಊರಿನ ಕನ್ನಡ ಸಾಲಿಯಲ್ಲಿ ನಾಲ್ಕನೆಯ ಇಯತ್ತೆ ಕಲಿತವರು, ಮಗಳು ಪೂರ್ತಿ ಮರಾಠಿ ಸಾಲಿಯವಳು. ಅವ್ವ ಬರೆದದ್ದು ಮಗಳಿಗೆ ಓದಲು ಬಾರದು. ಎರಡು ದಿನ ಕೈಸನ್ನೆಯಲ್ಲೇ ಸಂಸಾರ ಸಾಗಿಸಿದ್ದರು. ಅಕ್ಕ ಈಗ ವಹಿ ಎಳೆದುಕೊಂಡು ದಪ್ಪ ಅಕ್ಷರದಲ್ಲಿ ನಿಧಾನವಾಗಿ ಬರೆದು ನನ್ನ ಕಡೆ ಸರಿಸಿದರು. ನಾನು ಗಟ್ಟಿಯಾಗಿ ಓದಿದೆ: ನನಗ ಗೊತ್ತಿಲ್ಲ. ಜಾಗಾ ಆಕೀದು. ಕರಜಗಿಗಿ ಹೋಗಿ ಆಕಿಗಿ ಕೇಳು.

ಮಗಳು ನನ್ನನ್ನು ಹೊರಗೆ ಕರೆದು ವಿಷಯ ಹೇಳಿದಳು. ಎದುರಿಗೆ ಕೂಡುತ್ತಿದ್ದವರು ಅವ್ವನ ನೆಗೆಣ್ಣಿ, ಅಂದರೆ ಅಪ್ಪನ ತಮ್ಮನ ಹೆಂಡತಿ. ಇವಳು ಕರೆಯುವುದು ಕಾಕು ಎಂದು. ಕಾಕಾ ತೀರಿಹೋಗಿ ಎರಡು ವರ್ಷ. ಅವತ್ತಿನಿಂದ ಅರಿಷಿಣದ ಕಲ್ಲಿಗೆ ಕಾಕುವನ್ನು ಯಾರೂ ಕರೆದಿಲ್ಲ. ಒಂದೇ ಅಂಗಳ, ಒಂದೇ ಒಲೆ, ಜಗಳವಿಲ್ಲ, ತಂಟೆಯಿಲ್ಲ. ಆ ಕಲ್ಲಿಗೆ ಮಾತ್ರ ಇಲ್ಲ. ಕಾಕುವೂ ಬಂದು ನಿಲ್ಲುವುದಿಲ್ಲ, ಹಾಡಿನ ಹೊತ್ತಿಗೆ ಹೊಲಕ್ಕೆ ಹೋಗಿಬಿಡುತ್ತಾರೆ. ಇದನ್ನು ಆಕೆ ಹವಾಮಾನ ಹೇಳಿದ ಹಾಗೆ ಹೇಳಿದಳು.

ಹೋಗುವುದೋ ಬಿಡುವುದೋ ಎಂದು ಒಂದು ದಿನ ತಳ್ಳಿದೆ. ಅಂದಾಜಿನಲ್ಲೇ ಜಾಗಗಳನ್ನು ಅಷ್ಟಿಷ್ಟು ಹಿಗ್ಗಿಸಿ ಕುಗ್ಗಿಸಿ ಕೊಟ್ಟುಬಿಡಬಹುದಿತ್ತು. ಮಗಳಿಗೆ ಗೊತ್ತಾಗುವುದಿಲ್ಲ, ಬೀಗರಿಗೆ ಗೊತ್ತಾಗುವುದಿಲ್ಲ, ಊರಿನವರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಇಬ್ಬರಿಗೆ. ಅವರಲ್ಲಿ ಒಬ್ಬರು ಮಾತಾಡುವಂತಿಲ್ಲ, ಇನ್ನೊಬ್ಬರನ್ನು ಕರೆಯುವಂತಿಲ್ಲ. ಈ ಲೆಕ್ಕ ಮನಸ್ಸಿನಲ್ಲಿ ಪೂರ್ತಿ ಆದ ಮೇಲೆ ನನಗೇ ನಾಚಿಕೆಯಾಯಿತು. ಅಕ್ಕಲಕೋಟಕ್ಕೆ ಹೋಗಿ ಅಲ್ಲಿಂದ ಕರಜಗಿಯ ಎಸ್‌ಟಿ ಬಸ್ಸು ಹಿಡಿದೆ.

ಕಾಕು ಅಂಗಳದಲ್ಲಿ ತೊಗರಿ ಕೇರುತ್ತಿದ್ದರು. ನಲವತ್ತೈದರ ಆಸುಪಾಸಿನವರು, ಗಟ್ಟಿ ಆಳು, ಬೋಳು ಕೈ. ಮಗಳು ಫೋನು ಮಾಡಿ ತಿಳಿಸಿದ್ದಳು. ಆದರೂ ಬರ್ರಿ, ಕೂಡ್ರಿ, ಚಹಾ ಕುಡೀರಿ ಎನ್ನುವುದರ ಆಚೆ ಮಾತು ಹೋಗಲಿಲ್ಲ. ನಾನು ಲ್ಯಾಪ್‌ಟಾಪ್ ತೆರೆದು, ಡಿಲೇಯನ್ನು ಬಂದ್ ಮಾಡಿ, ಅಕ್ಕನ ದನಿಯನ್ನು ಪೂರ್ತಿ ಎಡಕ್ಕೆ ಸರಿಸಿ, ಸೆರಗಿನ ಮೇಲೆಯೇ ಅವರಿಗೆ ಹೆಡ್‌ಫೋನ್ ಹಾಕಿದೆ. ಒಂದು ಸಾಲು ಕೇಳಿದರು. ಬಲಗಿವಿಯ ಮೇಲೆ ಕೈ ಒತ್ತಿ ನೋಡಿದರು.

"ಈ ಕಿವ್ಯಾಗ ಯಾರೂ ಇಲ್ಲಲ್ರಿ," ಅಂದರು.

ಅಲ್ಲಿ ನಿಮ್ಮ ದನಿ ಬೇಕು, ಹಾಡುತ್ತೀರಾ ಎಂದು ಕೇಳಿದೆ. ಮೈಕು ಚೀಲದಲ್ಲೇ ಇತ್ತು. ಕಾಕು ಹೆಡ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಲಗ್ನದ ಹಾಡಿಗಿ ನನ್ನ ದನಿ ಬ್ಯಾಡ್ರಿ. ಕೂಸಿಗಿ ಛಲೋ ಆಗ್ಬೇಕು. ಕಲ್ಲ ತಿರುವಿ ತೋರಸ್ತೀನಿ, ಅಷ್ಟ ತಗೊಂಡ ಹೋಗ್ರಿ."

ಪಡಸಾಲೆಯ ಮೂಲೆಯಲ್ಲಿ ಗೋಣಿ ಮುಚ್ಚಿದ್ದ ಬೀಸುಕಲ್ಲನ್ನು ಒರೆಸಿ, ಮೊರದಲ್ಲಿ ಜೋಳ ತಂದು ಕೂತರು. ನಾನು ಮೈಕನ್ನು ಕಲ್ಲಿನಿಂದ ಒಂದು ಮೊಳ ದೂರ ನಿಲ್ಲಿಸಿದೆ. ಕೆಲಸದ ರೀತಿ ಹೀಗೆ: ನಾನು ಒಂದು ಸಾಲು ಬಿಡುವುದು, ಅವರು ಹೆಡ್‌ಫೋನಿನಲ್ಲಿ ಕೇಳುತ್ತ ಕಲ್ಲು ತಿರುಗಿಸುವುದು. ಸಾಲು ಮುಗಿದ ಕೂಡಲೇ ನಾನು ನಿಲ್ಲಿಸುವುದು. ಅವರು ತಮ್ಮ ಪಾಲಿನ ಹೊತ್ತು ತಿರುಗಿಸಿ, ಮುಕ್ಕು ಹಾಕಿ, ಹಾಂ ಎಂದರೆ ಮುಂದಿನ ಸಾಲು. ಹೀಗೆ ಐದು ಹಾಡು. ಮೊದಲ ಜಾಗ ಯಾವಾಗಲೂ ಚಿಕ್ಕದು, ಏಕೆಂದರೆ ಕಲ್ಲಿನ ಬಾಯಲ್ಲಿ ಕಾಳು ಇದ್ದೇ ಇರುತ್ತದೆ. ಬರಬರುತ್ತ ಹಿಟ್ಟು ಬಿಗಿಯಾಗಿ ಕಲ್ಲು ಭಾರವಾಗುತ್ತದೆ, ಜಾಗ ಹಿಗ್ಗುತ್ತದೆ. ಮೂರನೆಯ ಹಾಡಿನಲ್ಲಿ, ತೆರೆದ ಬಾಗಿಲಲ್ಲಿ ಕೂತ ತಾಯಿ ಮಗಳ ದಾರಿ ಕಾಯತಾಳ ಎನ್ನುವ ಸಾಲಿನ ಹತ್ತಿರ, ಎಂಟು ಸೆಕೆಂಡು ದಾಟಿತು. ಅಲ್ಲೇಕೆ ಅಷ್ಟು ಎಂದು ಕೇಳಿದೆ. ತವರಿನ ಮಾತು ಬಂದಲ್ಲಿ ಕೈ ತಾನೇ ನಿಧಾನ ಆಗುತ್ತದೆ, ಅದಕ್ಕೆ ಏನು ಮಾಡುವುದು ಎಂದರು. ನಾನು ನನ್ನ ವಹಿಯಲ್ಲಿ ಎಂಟು ಪಾಯಿಂಟ್ ಎರಡು ಎಂದು ಬರೆದುಕೊಂಡೆ. ಬಸ್ಸಿಗೆ ಹೊರಟಾಗ ಆ ಜೋಳದ ಹಿಟ್ಟನ್ನೇ ಒಂದು ಪೊಟ್ಟಣ ಕಟ್ಟಿಕೊಟ್ಟರು.

ಸೊಲ್ಲಾಪುರಕ್ಕೆ ಬಂದು ಕಲ್ಲಿನ ಸದ್ದಿನ ಫೈಲಿಂದ ಜಾಗಗಳನ್ನು ಅಳೆದು, ಸಾಲುಗಳ ನಡುವೆ ಕೂರಿಸಿದೆ. ಈಗ ಉತ್ತರ ಕೊಡುವ ದನಿ ಬೇಕಿತ್ತು. ಇರುವುದು ಅಕ್ಕನ ದನಿ ಒಂದೇ. ಡಿಲೇಯನ್ನು ಅಲಂಕಾರದ ಬದಲು ಆಳಿನ ಹಾಗೆ ದುಡಿಸಬೇಕಾಯಿತು. ಮೊದಲು ತಾಳದ ಕಟ್ಟು ಬಿಚ್ಚಿದೆ. ಎಡ ಬಲಗಳನ್ನು ಜೋಡಿಸುವ ಗುಂಡಿಯನ್ನು ಬಂದ್ ಮಾಡಿ, ಎಡದ ಮರುನುಡಿಯನ್ನು ಪೂರ್ತಿ ಬಾಯಿ ಮುಚ್ಚಿಸಿದೆ. ಫೀಡ್‌ಬ್ಯಾಕ್ ಸೊನ್ನೆ, ಯಾಕೆಂದರೆ ಎದುರಿನವಳು ಒಮ್ಮೆ ಮಾತ್ರ ಹಾಡುತ್ತಾಳೆ. ಇಡೀ ಸಾಲು ಡಿಲೇಗೆ ಹೋದರೆ ಮತ್ತೆ ನಡುವೆ ಬಾಯಿ ಹಾಕುತ್ತದೆ. ಹಾಗಾಗಿ ಸಾಲಿನ ಬಾಲ ಬಂದಾಗ ಮಾತ್ರ ಬಾಗಿಲು ತೆರೆದು, ಮುಗಿದ ಕೂಡಲೇ ಮುಚ್ಚುವಂತೆ ಪ್ರತಿ ಸಾಲಿಗೂ ಕೈಯಿಂದ ಗೆರೆ ಎಳೆದೆ. ಆಗ ಇನ್ನೊಂದು ತೊಡಕು. "ದಾರಿ ಕಾಯತಾಳ" ಎನ್ನುವ ಬಾಲವೇ ಎರಡೂವರೆ ಸೆಕೆಂಡು ಇತ್ತು. ನನ್ನ ಪ್ಲಗಿನ್ನು ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿದಿಡಲಾರದು. ಮೊದಲ ಮಾತು ಮುಗಿಯುವ ಮುಂಚೆಯೇ ಉತ್ತರ ಶುರುವಾಗುತ್ತಿತ್ತು. ಒಂದರ ಹಿಂದೆ ಒಂದು ಎರಡು ಡಿಲೇ ನಿಲ್ಲಿಸಿ, ಎರಡರಲ್ಲೂ ಮಿಕ್ಸನ್ನು ನೂರಕ್ಕೆ ಇಟ್ಟು, ಮೊದಲನೆಯದು ಹಿಡಿದದ್ದನ್ನು ಎರಡನೆಯದು ಇನ್ನಷ್ಟು ಹೊತ್ತು ಹಿಡಿಯುವಂತೆ ಮಾಡಿದೆ. ಮರುನುಡಿಯ ಮೇಲಿನ ಚೂಪನ್ನು ಫಿಲ್ಟರಿನಿಂದ ಸವರಿದೆ, ಕಲ್ಲಿನ ಆಚೆ ಬದಿಯಿಂದ ಬಂದ ಹಾಗೆ ಕೇಳಲಿ ಎಂದು. ನಾಲ್ಕು ದಿನ ಹಿಡಿಯಿತು. ರಿಕ್ಷಾದವರು ಬಂದು ಬಂದು ಹೋದರು.

ಈ ಕೆಲಸದ ನಡುವೆ ಕಲ್ಲಿನ ಫೈಲನ್ನು ಇನ್ನೊಮ್ಮೆ ಕಿವಿಗೊಟ್ಟು ಕೇಳಿದೆ. ಘರಘರದ ಅಡಿಯಲ್ಲಿ ಏನೋ ಇತ್ತು. ಕೆಳಗಿನ ಗುಡುಗನ್ನು ಕತ್ತರಿಸಿ, ಮೇಲಿನ ಕರಕರವನ್ನು ತಗ್ಗಿಸಿ ನೋಡಿದರೆ, ಕಾಕು ಹಾಡಿದ್ದರು. ಬಾಯಿ ತೆರೆದಿರಲಿಲ್ಲ, ನಾನು ಎದುರೇ ಕೂತಿದ್ದೆ. ತುಟಿ ಮುಚ್ಚಿಯೇ ಪ್ರತಿ ಸಾಲಿನ ಬಾಲವನ್ನೂ ಎತ್ತಿಕೊಂಡಿದ್ದರು. ಅರ್ಧ ಗಂಟೆಯ ಕೆಲಸಕ್ಕೆ ಆ ಗುಂಯ್‌ಗುಟ್ಟುವ ದನಿ ಸಾಕಷ್ಟು ಬಿಡಿಯಾಗಿ ನಿಂತಿತು. ಚಪಲ ತಡೆಯದೆ ಡಿಲೇಯನ್ನು ಬಂದ್ ಮಾಡಿ ಆ ದನಿಯನ್ನು ಬಲಗಿವಿಗೆ ಇಟ್ಟೆ. ನಾಲ್ಕು ದಿನ ನಾನು ಬೆವರು ಸುರಿಸಿ ಕಟ್ಟಿದ್ದೆಲ್ಲ ಅದರ ಮುಂದೆ ಸಪ್ಪೆ ಎನಿಸಿತು. ಒಂದು ಸಲ ಪೂರ್ತಿ ಕೇಳಿ ತೆಗೆದುಬಿಟ್ಟೆ. ಬೇಡ ಎಂದವರ ದನಿ ಅದು. ಆದರೆ ಅಳಿಸಲಿಲ್ಲ, ಅಳಿಸುವ ಆಜ್ಞೆಯ ಮೇಲೆ ನನಗೆ ಆಗ ಭಯ ಹುಟ್ಟಿತ್ತು.

ಡಿಲೇಯ ಹಾಡನ್ನು ಅಕ್ಕನಿಗೆ ಕೇಳಿಸಿದೆ. ಐದೂ ಹಾಡು ಮುಗಿಯುವವರೆಗೆ ಅವರ ಕೈ ಎಲ್ಲೂ ಎಡವಲಿಲ್ಲ. ವಹಿಯಲ್ಲಿ ಸರಿ ಅದ ಎಂದು ಬರೆದರು. ಸ್ವಲ್ಪ ತಡೆದು, ಅದರ ಕೆಳಗೆ, ಖರೆ ಇದು ನಂದ ದನಿ ಎಂದೂ ಬರೆದರು. ಎರಡನೆಯ ಸಾಲನ್ನು ಮಗಳಿಗೆ ಓದಿ ಹೇಳುವಾಗ ನನ್ನ ಕಥೆಯನ್ನೂ ಹೇಳಬೇಕಾಯಿತು: ಕಾಕುವಿನ ದನಿ ನನ್ನ ಹತ್ತಿರ ಇದೆ, ಅವರು ಒಪ್ಪಿಲ್ಲ, ನಾನು ಹಾಕಿಲ್ಲ. ಕೇಳಬೇಕು ಎಂದಳು. ಮರುದಿನ ಡ್ಯೂಟಿ ಮುಗಿಸಿ ಸ್ಟುಡಿಯೋಗೆ ಬಂದು, ಕಣ್ಣು ಮುಚ್ಚಿ ಒಂದು ಹಾಡು ಕೇಳಿದಳು. ಕೆಳಗೆ ಮಗ್ಗ ಓಡುತ್ತಿದ್ದವು. ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಇಟ್ಟಳು.

"ಇದನ್ನ ಚೋರಿ ಮಾಡಿ ಹಾಕೂದು ಬ್ಯಾಡ್ರಿ," ಅಂದಳು. "ಕಾಕುನ್ನ ನಾನ ಕಲ್ಲಿಗಿ ಕರೀತೀನಿ. ನೀವು ಬಲಗಡಿದು ಬಂದ್ ಮಾಡಿ ತರ್ರಿ."

ಅರಿಷಿಣ ಬೀಸುವ ದಿನ ಬೆಳಿಗ್ಗೆ ಕರಜಗಿಯ ಆ ಅಂಗಳದಲ್ಲಿ ಒಂದು ಸ್ಪೀಕರ್, ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಅಕ್ಕನ ದನಿ ಅಷ್ಟರಲ್ಲಿ ಪಿಸುಮಾತಿನಷ್ಟು ಮರಳಿತ್ತು, ಅದೂ ಒಡಕು. ಹಾಡುವ ಮಾತೇ ಇರಲಿಲ್ಲ. ಕಲ್ಲಿಗೆ ಹೂವು ಸುತ್ತಿ, ಕುಟ್ಟಿದ ಅರಿಷಿಣದ ತುಂಡುಗಳನ್ನು ಪರಾತದಲ್ಲಿ ಇಟ್ಟಿದ್ದರು. ಮಗಳು ಒಳಗೆ ಹೋಗಿ ಕಾಕುವಿನ ಕೈ ಹಿಡಿದು ಕರೆದುಕೊಂಡು ಬಂದಳು. ಹುಡುಗಿಯ ಸೋದರತ್ತೆ, ಮನೆಯ ಹಿರಿಯ ಹೆಣ್ಣು, ಅಡ್ಡ ಬಂದರು. ಹಾಡು ಮಶೀನಿನಲ್ಲಿ ಇದೆಯಲ್ಲ, ಅದೇ ಸಾಕು, ಇವಳನ್ನು ಕೂರಿಸುವುದು ಯಾಕೆ ಎಂದು ಮೆಲ್ಲಗೇ ಅಂದರು, ಎಲ್ಲರಿಗೂ ಕೇಳಿಸಿತು. ಕಾಕು ನಿಂತಲ್ಲೇ ನಿಂತರು. ಅಕ್ಕ ಆಗಲೇ ಕಲ್ಲಿನ ಮುಂದೆ ಕೂತಿದ್ದರು. ಗೂಟ ಹಿಡಿದಿದ್ದ ಕೈಯನ್ನು ಕೆಳಗೆ ಸರಿಸಿ, ಮೇಲೆ ಇನ್ನೊಂದು ಕೈ ಹಿಡಿಸುವಷ್ಟು ಜಾಗ ಮಾಡಿ, ನೆಗೆಣ್ಣಿಯ ಮುಖ ನೋಡಿದರು. ಸೋದರತ್ತೆ ಎದ್ದು ಒಳಗೆ ಹೋದರು. ಅವರ ಹಿಂದೆ ಇಬ್ಬರು ಹೋದರು. ಕಾಕು ಬಂದು ಕೂತರು.

ಹಾಡು ಬಿಟ್ಟೆ. ಎರಡನೆಯ ಸಾಲಿಗೇ ಎಡವಟ್ಟಾಯಿತು. ಕಾಕು ಹಾಡುತ್ತಿದ್ದಾಗಲೇ ಸ್ಪೀಕರಿನಿಂದ ಮುಂದಿನ ಸಾಲು ಬಂದು ಮೈಮೇಲೆ ಬಿದ್ದಿತು. ನಾನು ಅಳೆದದ್ದು ಜೋಳದ ಜಾಗ, ಇಲ್ಲಿ ಇದ್ದದ್ದು ಅರಿಷಿಣ. ಅದು ಕಲ್ಲಿಗೆ ಒಡ್ಡುತ್ತದೆ, ಹೊತ್ತು ಹಿಡಿಯುತ್ತದೆ. ಹಾಡು ನಿಲ್ಲಿಸಿದೆ. ಹೆಂಗಸರು ಪಿಸುಗುಟ್ಟತೊಡಗಿದರು. ಪಾಯಿಂಟ್ ಎರಡರವರೆಗೆ ಅಳೆದು ತಂದ ಜಾಗಗಳನ್ನೆಲ್ಲ ಅಲ್ಲೇ ಕೂತು ಕಿತ್ತೆ. ಪ್ರತಿ ಸಾಲನ್ನೂ ಬಿಡಿಬಿಡಿ ಮಾಡಿ, ಒಂದೊಂದು ಗುಂಡಿ ಒತ್ತಿಗೆ ಒಂದೊಂದು ಸಾಲು ಬರುವಂತೆ ಇಟ್ಟೆ. ಯಾವಾಗ ಒತ್ತಬೇಕು ಎಂದು ಅಕ್ಕನನ್ನು ಕೇಳಿದೆ. ಅವರು ಎಡಗೈಯ ಒಂದು ಬೆರಳು ಎತ್ತಿ ತೋರಿಸಿದರು: ಹೀಗೆ ಎತ್ತಿದಾಗ.

ಆಮೇಲೆ ಹಾಡು ಸಾಗಿತು. ಅಕ್ಕ ಬೆರಳು ಎತ್ತುವರು, ನಾನು ಒತ್ತುವೆನು, ಅವರ ಹಳೆಯ ದನಿ ಸಾಲು ಹಾಡಿ ಬಿಡುವುದು, ಕಾಕು ಎತ್ತಿಕೊಳ್ಳುವರು. ಅಕ್ಕ ಮುಕ್ಕು ಹಾಕುವರು. ನಾನು ಅವರ ಬೆರಳು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಮೂರನೆಯ ಹಾಡಿನಲ್ಲಿ ದಾರಿ ಕಾಯತಾಳ ಎಂದು ದನಿ ನಿಂತಿತು. ಕಾಕು ಎತ್ತಿಕೊಂಡವರು ಅರ್ಧಕ್ಕೇ ಹಾಡು ನಿಲ್ಲಿಸಿದರು. ಕಲ್ಲು ಮಾತ್ರ ತಿರುಗುತ್ತಿತ್ತು. ನನ್ನ ಬೆರಳು ಗುಂಡಿಯ ಮೇಲಿತ್ತು, ಅಕ್ಕ ನನ್ನ ಕಡೆ ನೋಡದೆಯೇ ಅಂಗೈ ಅಡ್ಡ ಹಿಡಿದರು. ಹತ್ತು ಸೆಕೆಂಡು ಇರಬೇಕು, ಹದಿನೈದೂ ಇರಬಹುದು. ಆಮೇಲೆ ಅಕ್ಕ ಮುಂದಕ್ಕೆ ಬಾಗಿ, ಆ ಒಡಕು ಪಿಸುದನಿಯಲ್ಲೇ, ನೆಗೆಣ್ಣಿಯ ಪಾಲಿನ ಉಳಿದ ಮಾತನ್ನು ತಾವೇ ಹಾಡಿ ಮುಗಿಸಿದರು. ಕಲ್ಲಿನ ಸದ್ದಿನಲ್ಲಿ ಅದು ನನಗೆ ಸರಿಯಾಗಿ ಕೇಳಿಸಲಿಲ್ಲ. ಕಾಕುವಿಗೆ ಕೇಳಿಸಿತು. ಅಕ್ಕ ಬೆರಳು ಎತ್ತಿದರು, ನಾನು ಒತ್ತಿದೆ. ಎರಡು ತಿಂಗಳ ಹಿಂದಿನ ಅವರ ದನಿ ಅಂಗಳದ ತುಂಬ ಎದ್ದಿತು. ಅಕ್ಕ ಮತ್ತು ಕಾಕು, ಒಂದೇ ಗೂಟಕ್ಕೆ ಕೈ ಹಚ್ಚಿ, ಅದು ಸಾಲು ಮುಗಿಸುವುದನ್ನು ಇಬ್ಬರೂ ಕಾಯುತ್ತ ಕೂತರು.